ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ

ಕೋಳಿ ಸಾಕಿರೋ ಆಫೀಸು ನಾನು ಇದೇ ಮೊದಲು ನೋಡ್ತಿರೋದು, ಅಂದರು ಗೇಟಿನ ಆಚೆಯಿಂದ — ಮೊದಲು ದನಿ ಬಂತು, ಆಮೇಲೆ ತಲೆಗೆ ಸುತ್ತಿದ ಹಳದಿ ಬಟ್ಟೆ, ಆಮೇಲೆ ಅವರು, ಬಾನಾ ಕಟೊಂಗೊ, ಅಂದರೆ ಕಟೊಂಗೊ ಅಮ್ಮ, ನಮ್ಮ ಗಣಿ ಊರು ಲುವಾಂಶಾದ ಅರ್ಧ ಹೆಣ್ಣುಮಕ್ಕಳಿಗೆ ಸಂಸಾರದ ಪಾಠ ಹೇಳಿ ಗಂಡನ ಮನೆ ಸೇರಿಸಿದ ಹಿರಿಯಾಕೆ, ಊಟದ ಹೊತ್ತು ದಾಟಿದ ಮೇಲೆ ಬರ್ತೀನಿ ಅಂದವರು ಬೆಳಗಿನ ಗಂಜಿ ಪಾತ್ರೆ ತೊಳೆಯೋ ಮುಂಚೆಯೇ ಬಂದುಬಿಟ್ಟಿದ್ದಾರೆ, ಆಫೀಸ್ ಅಂತ ಬರೆದ ಹಲಗೆ ಇನ್ನೂ ಗೋಡೆ ಕಡೆ ಮುಖ ಮಾಡಿಕೊಂಡೇ ಇದೆ, ಗಿರಾಕಿ ಬಂದರೆ ಈ ಕಡೆ, ನೆಂಟರು ಬಂದರೆ ಆ ಕಡೆ, ಅದು ನನ್ನ ಗಂಡ ಕಪೆಂಬ್ವಾನ ಉಪಾಯ, ಆಫೀಸು ಇದೆ ಅಂತ ನೆಂಟರಿಗೆ ಗೊತ್ತಾಗಬಾರದು, ಇಲ್ಲ ಅಂತ ಗಿರಾಕಿಗೆ ಗೊತ್ತಾಗಬಾರದು, ಅಷ್ಟು ನೋಡಿಕೊಂಡರೆ ಸಾಕು ಲೊಂಬೆ ಅಮ್ಮ, ನಮ್ಮದೂ ಕಂಪನಿಯೇ, ಅಂತಿದ್ದ, ಆಗೆಲ್ಲ ನಗ್ತಾ ಇದ್ದೆ ನಾನು — ಕೈ ಒರೆಸಿಕೊಂಡು ಗೇಟು ತೆಗೆಯೋಕೆ ಓಡಿದೆ, ಓಡ್ತಾ ಹಲಗೆ ತಿರುಗಿಸಿದೆ, ಅದು ಅರ್ಧ ತಿರುಗಿ ಓರೆಯಾಗಿ ನಿಂತಿತು, ಆಫೀಸಿನವಳು ಮಂಡಿ ಊರಬಾರದು, ಕೈ ಕುಲುಕಬೇಕು, ಕಣ್ಣಲ್ಲಿ ಕಣ್ಣಿಟ್ಟು ಸ್ವಾಗತ ಅನ್ನಬೇಕು, ಅದನ್ನೂ ಅವನೇ ಕಲಿಸಿದ್ದ, ಅಂಗಳದಲ್ಲಿ ಗಿರಾಕಿಯ ಹಾಗೆ ತಾನೇ ನಡೆದು ಬಂದು ಬಂದು ಕಲಿಸಿದ್ದ, ಆದರೆ ಇವರ ವಯಸ್ಸು ನೋಡಿ ನನ್ನ ಮಂಡಿ ನನ್ನನ್ನು ಕೇಳದೆ ಮಣ್ಣಿಗೆ ತಾಗಿತು, ಕೈ ಬೊಗಸೆಯಾಗಿ ಮೆಲ್ಲಗೆ ಚಪ್ಪಾಳೆ ತಟ್ಟಿತು, ಏಳಮ್ಮ ಏಳು, ಸೊಸೆಯ ಹಾಗೆ ಕೂತಿದೀಯಲ್ಲ, ಫೋನಿನಲ್ಲಿ ಮಾತಾಡಿದ ಆ ಇಂಗ್ಲಿಷಿನ ಹುಡುಗಿ ಎಲ್ಲಿ, ಅಂದರು, ನಾನೇ ಅನ್ನಬೇಕಿತ್ತು, ಒಳಗೆ ಬನ್ನಿ ತಾಯಿ, ಅಂದೆ.

ಕೂತರು, ಒಂದೇ ಒಂದು ಒಳ್ಳೆಯ ಕುರ್ಚಿ ಅದು, ತಿರುಗೋ ಕುರ್ಚಿ, ಗಣಿ ಕಚೇರಿಯ ಹಳೇ ಸಾಮಾನು ಮಾರಿದಾಗ ಅವನು ತಲೆ ಮೇಲೆ ಹೊತ್ತುಕೊಂಡು ಬಂದಿದ್ದು, ಒಂದು ಕಡೆ ವಾಲುತ್ತೆ, ವಾಲಿದರು, ಸರಿಯಾದರು, ಕಣ್ಣು ಇಡೀ ಕೋಣೆ ಗುಡಿಸಿ ಬಂತು — ಮಂಚವನ್ನು ಪರದೆ ಹಿಂದೆ ತಳ್ಳಿದ್ದೇನೆ, ಒಂದು ಕಾಲು ಕಾಣ್ತಿದೆ, ಕಂಡರೆ ಕಾಣಲಿ — ಫೋನಿನಲ್ಲಿ ಮೊನ್ನೆ ಇವರು ಮ್ಯಾನೇಜರ್ ಇದ್ದಾರಾ ಅಂತ ಕೇಳಿದಾಗಲೂ ಯಾವಾಗಲೂ ಹೇಳೋದನ್ನೇ ಹೇಳಿದ್ದೆ, ಕಪೆಂಬ್ವಾ ಸೌಂಡ್ಸ್, ನಮಸ್ಕಾರ, ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ, ಬಾಯಿಗೆ ಅಭ್ಯಾಸ ಅದು, ನಮ್ಮ ಮೊದಲ ಫೋನು ಬಂದ ದಿನದಿಂದ, ಇಬ್ಬರಿಗೂ ಸೇರಿ ಒಂದೇ ಫೋನು, ಮೊದಲ ಸಲ ಅದು ಬಡಿದುಕೊಂಡಾಗ ಅವನು ಅಂಗಳದ ನಲ್ಲಿ ಹತ್ತಿರ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಗಡ್ಡ ಹೆರೀತಿದ್ದ, ಮುಖದ ತುಂಬ ನೊರೆ, ನೀನು ಎತ್ತು ನೀನು ಎತ್ತು ಅಂತ ಕೈಸನ್ನೆ, ಎತ್ತಿದರೆ ಯಾರೋ ದೊಡ್ಡ ಮನುಷ್ಯರ ದನಿ, ಏನು ಹೇಳೋದು, ನೊರೆ ಹಚ್ಕೊಂಡು ಕೂತಿದ್ದಾರೆ ಅನ್ನೋದಾ, ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ ಸರ್, ಒಂದು ನಿಮಿಷ, ಲೈನು ಕೊಡ್ತೀನಿ, ಅಂದುಬಿಟ್ಟೆ, ಎಲ್ಲಿಂದ ಬಂತೋ ಆ ಮಾತು, ಆಮೇಲೆ ಕೋಳಿಗಳ ಸದ್ದು ಆ ಕಡೆ ಕೇಳಿಸಬಾರದು ಅಂತ ಫೋನಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಕೋಳಿಗೂಡು ದಾಟಿ, ಮಾವಿನ ಮರ ದಾಟಿ, ತುಂಬಿದ ಕೊಡ ಹೊತ್ತವಳ ಹಾಗೆ ತುಳುಕದೆ ನಡೆದು ನಲ್ಲಿ ತನಕ ಹೋಗಿ ಕೈ ಚಾಚಿದೆ, ಅವನು ನನ್ನ ಅಂಗೈ ತೆಗೆಯೋ ಮುಂಚೆ ತನ್ನ ಅಂಗೈ ಅದರ ಮೇಲೆ ಇಟ್ಟ, ಒದ್ದೆ ಕೈ, ಸೋಪಿನ ವಾಸನೆ, ಕಣ್ಣಲ್ಲೇ ನಗು, ನಾನು ನನ್ನ ಕೈ ಮೆಲ್ಲಗೆ ಅವನ ಕೈ ಕೆಳಗಿಂದ ಜಾರಿಸಿಕೊಂಡೆ, ಹಲೋ, ಮ್ಯಾನೇಜರ್ ಮಾತಾಡ್ತಿರೋದು, ಅಂದ, ಎಂಥ ದನಿ ಅದು, ಇಗರ್ಜಿಯಲ್ಲಿ ಬೈಬಲ್ ಓದೋ ದನಿ, ಕಿವಿಯ ನೊರೆ ಪಟ್ ಅಂತ ಒಡೀತಿದೆ — ಆಮೇಲೆ ಅದೇ ನಮ್ಮ ಪದ್ಧತಿ ಆಯಿತು, ಎರಡನೇ ಫೋನು ಬಂದ ಮೇಲೂ ಬಿಡಲಿಲ್ಲ, ಅವನು ಪಕ್ಕದಲ್ಲೇ ಕೂತು ಎಂಶಿಮಾ ಮುದ್ದೆ ಉಂಡೆ ಕಟ್ಟಿ ಸೊಪ್ಪಿನ ಪಲ್ಯದಲ್ಲಿ ಅದ್ದುತಿದ್ದರೂ ನಾನು ಅಂಗೈ ಮುಚ್ಚಿ ಒಂದು ಸುತ್ತು ಅಂಗಳಕ್ಕೆ ಹೋಗಿ ಬರ್ತಿದ್ದೆ, ಹತ್ತಿರ ಇದ್ದರೆ ಬೇಗ ಸಿಕ್ಕಿಬಿಡ್ತೀನಿ, ಬೇಗ ಸಿಗೋ ಮ್ಯಾನೇಜರಿಗೆ ಬೆಲೆ ಇಲ್ಲ ಕಣೇ, ಅಂತಿದ್ದ, ಈಗ ಎಷ್ಟು ಬೆಲೆ ಬಂದಿರಬೇಕು ನೋಡು ನಿನಗೆ.

ಏನಮ್ಮ ಯೋಚನೆ, ನಾನು ಕೇಳಿದ್ದು ಆ ಬಟ್ಟೆ ಕೆಳಗೆ ಏನಿದೆ ಅಂತ, ಅಂದರು ಬಾನಾ ಕಟೊಂಗೊ, ಸ್ಪೀಕರ್ ತಾಯಿ, ಜೋಡಿ ಸ್ಪೀಕರ್, ಅಂದೆ, ಎರಡಕ್ಕೂ ಒಂದೇ ನಮೂನೆ ಚಿಟೆಂಗೆ ಬಟ್ಟೆ ಹೊದಿಸಿದ್ದೇನೆ, ಕೆಂಪು ಹೂವಿನದು, ಗಿರಾಕಿಗಳು ಎಷ್ಟು ಅಚ್ಚುಕಟ್ಟು ಅಂತಾರೆ, ಬಟ್ಟೆ ತೆಗೆದರೆ ಎಡಗಡೆಯದು ಕಪ್ಪು, ನಮ್ಮದು, ಬಲಗಡೆಯದು ಬೂದಿ ಬಣ್ಣ, ಒಂದು ಗೇಣು ಗಿಡ್ಡ, ಪಕ್ಕದ ಮನೆಯ ಮ್ವಾಪೆಯದು, ಮರ್ಯಾದೆಗೆ ಬಾ ಮ್ವಾಪೆ ಅನ್ನೋದು, ಬೇಕಾದಾಗ ಎರವಲು ತರೋದು, ಅಡಿಗೆ ಇಟ್ಟಿಗೆ ಕೊಟ್ಟು ಎತ್ತರ ಸರಿ ಮಾಡೋದು, ನಮ್ಮ ಜೋಡಿಯ ಇನ್ನೊಂದು ದೂರದ ಸೊಲ್ವೇಜಿ ಊರಲ್ಲಿದೆ, ಹೊಸ ಗಣಿಯವರ ಪಾರ್ಟಿ ಅಂತ ಹೋದ ಕಪೆಂಬ್ವಾ ಪಿಕಪ್ಪಿನಲ್ಲಿ ಜಾಗ ಇಲ್ಲ ಅಂತ ಒಂದನ್ನೇ ಏರಿಸಿಕೊಂಡು ಹೋದ, ಮಳೆಗಾಲ ಬಂದು ಹೋಗಿ ಮತ್ತೆ ಬಂದು ಹೋಯಿತು, ಒಂದೇ ಸಾಕಾ, ಅಂತ ಗೇಟಿನಲ್ಲಿ ಕೇಳಿದ್ದೆ, ಇದರ ಜೊತೆಯದು ಇಲ್ಲೇ ಇದೆಯಲ್ಲ, ಜೊತೆ ಬಿಟ್ಟು ಎಲ್ಲಿಗೆ ಹೋಗ್ತೀನಿ, ಅಂದ, ಸ್ಪೀಕರಿನ ಮಾತಾಡಿದನೋ ನನ್ನ ಮಾತಾಡಿದನೋ ಕೇಳಬೇಕಿತ್ತು, ಮೊದಮೊದಲು ಫೋನು ಬರ್ತಿತ್ತು, ಇಲ್ಲಿ ಕೆಲಸ ಚೆನ್ನಾಗಿದೆ, ಇನ್ನೊಂದು ವಾರ, ಇನ್ನೊಂದು ವಾರ, ಆಮೇಲೆ ನಂಬರೇ ಇಲ್ಲ ಅಂತ ಒಬ್ಬಳು ಹೆಂಗಸು ಹೇಳೋಕೆ ಶುರು ಮಾಡಿದಳು, ಫೋನ್ ಕಂಪನಿಯ ಹೆಂಗಸು, ನನಗಿಂತ ಚೆನ್ನಾಗಿ ಹೇಳ್ತಾಳೆ, ಬಾ ಮ್ವಾಪೆಯ ಭಾವಮೈದ ಅಲ್ಲಿ ಅವನನ್ನು ನೋಡಿದನಂತೆ, ಒಂದು ಬಾರಿನ ಮುಂದೆ, ದಪ್ಪ ಆಗಿದ್ದಾನೆ, ನಗ್ತಾ ಇದ್ದಾನೆ, ಅಂದನಂತೆ, ದಪ್ಪ ಆಗಿದ್ದರೆ ಆ ಮರೂನ್ ಕೋಟು ಈಗ ಹಿಡಿಸಲ್ಲ ಅವನಿಗೆ — ಗಿರಾಕಿ ಬಂದರೆ ಮೇಲೆ ಕೋಟು, ಕೆಳಗೆ ಟವಲು, ಮೋಟುಗೋಡೆ ಹಿಂದೆ ನಿಂತರೆ ಅರ್ಧ ಮ್ಯಾನೇಜರ್ ಮಾತ್ರ ಕಾಣೋದು, ಒಂದು ಸಲ ಗಾಳಿಗೆ ಟವಲು ಜಾರಿ ನಾನು ನಗು ತಡೆಯಲಾಗದೆ ಒಳಗೋಡಿದ್ದು — ಒಂದೇ ಸ್ಪೀಕರ್ ಇಟ್ಕೊಂಡು ಏನು ಮಾಡ್ತೀಯಾ ಬಾನಾ ಲೊಂಬೆ, ಅದು ಒಂಟಿ ಚಪ್ಪಲಿ ಇದ್ದ ಹಾಗೆ, ನನಗೆ ಮಾರಿಬಿಡು, ಅಂತಾನೆ ಬಾ ಮ್ವಾಪೆ ದಿನಾ, ಒಂಟಿ ಚಪ್ಪಲಿ ಮನೆಯಲ್ಲಿದ್ದರೆ ತಾನೇ ಇನ್ನೊಂದನ್ನು ಹಾಕ್ಕೊಂಡು ಹೋದವನು ಕುಂಟಿಕೊಂಡಾದರೂ ಬರೋದು, ಅದನ್ನು ಮಾರಿದರೆ ಅವನಿಗೆ ಈ ಅಂಗಳದಲ್ಲಿ ಬಾಕಿ ಏನಿರುತ್ತೆ, ನಾನೊಬ್ಬಳೇ, ನಾನೊಬ್ಬಳು ಸಾಕಾಗಿದ್ದರೆ — ಆದರೆ ಈ ಸೀಸನ್ನು ಒಂದು ದೊಡ್ಡ ಕೆಲಸ ಬರದಿದ್ದರೆ ಮಾರಲೇಬೇಕು, ಇವತ್ತು ಇವರು ಎದ್ದು ಹೋದರೆ ಸಂಜೆಯೇ ಬಾ ಮ್ವಾಪೆ ಗಾಡಿ ತರ್ತಾನೆ, ಮಾತು ಕೊಟ್ಟಾಗಿದೆ.

ಸರಿ, ಮ್ಯಾನೇಜರನ್ನ ಕರಿ, ಮಾತು ಮುಗಿಸೋಣ, ಅಂದರು, ಮೀಟಿಂಗಿನಲ್ಲಿ — ಅನ್ನೋಷ್ಟರಲ್ಲಿ ಕೈ ಎತ್ತಿ ತಡೆದರು, ಅದೆಂಥ ಮೀಟಿಂಗಮ್ಮ ಅದು, ಮೊನ್ನೆ ಶುರುವಾಗಿದ್ದು ಇನ್ನೂ ಮುಗಿದಿಲ್ವಾ, ದೇಶ ಆಳೋರು ಕೂಡ ನಡುವೆ ಊಟಕ್ಕೆ ಏಳ್ತಾರೆ, ನಗ್ತಾರೆ ಹೊಟ್ಟೆ ಕುಲುಕಿಸಿ, ಕುರ್ಚಿ ವಾಲುತ್ತೆ, ಮತ್ತೆ ಅದೇ ನಗುಮುಖದಲ್ಲಿ ಮುಂದೆ ಬಾಗಿ ಅಂದರು, ಕೇಳು ಮಗಳೇ, ಗಂಡಸು ಬರೋದಾದರೆ ನನಗೆ ನಿಮ್ಮ ಕಂಪನಿ ಬೇಡ, ಹುಡುಗಿ ನನ್ನ ತಂಗಿಯ ಮೊಮ್ಮಗಳು, ಮದುವೆಗೆ ಮುಂಚೆ ಅವಳ ಕಿಚನ್ ಪಾರ್ಟಿ, ಬರೀ ಹೆಂಗಸರದು, ಹೋದ ತಿಂಗಳು ಒಂದು ಕಡೆ ಹಾಡು ಹಾಕೋಕೆ ಕರೆದಿದ್ವಿ ಒಬ್ಬ ಹುಡುಗನ್ನ, ಗೋಡೆ ಕಡೆ ಮುಖ ಮಾಡಿ ಕೂರು ಅಂದರೆ ಕಿಟಕಿ ಗಾಜಿನಲ್ಲಿ ನಮ್ಮ ಕುಣಿತ ನೋಡ್ತಾ ಕೂತಿದ್ದಾನೆ, ನಾವು ಮದುಮಗಳಿಗೆ ಸೊಂಟ ತಿರುಗಿಸೋದು ಹೇಳಿಕೊಡೋ ಹೊತ್ತಿನಲ್ಲಿ, ಇಲ್ಲಿ ಯಾರೋ ಹೆಂಗಸು ಹಾಡು ಹಾಕ್ತಾಳೆ, ಡೋಲು ಎದ್ದ ಕೂಡಲೇ ಯಾರೂ ಹೇಳದೆಯೇ ಸದ್ದು ಇಳಿಸ್ತಾಳೆ ಅಂತ ಹೇಳಿದರು, ಅದಕ್ಕೇ ನಾನು ಈ ಕೋಳಿ ಆಫೀಸು ಹುಡುಕಿಕೊಂಡು ಬಂದಿದ್ದು, ಆ ಹೆಂಗಸು ಯಾರು — ನಾನು, ನಾನೇ, ಪಾಠದ ಹೊತ್ತಿಗೆ ಗಂಡಸು ಹೊರಗೆ ಅಂತ ಹಿರಿಯರು ಕಪೆಂಬ್ವಾನನ್ನು ಅಂಗಳಕ್ಕೆ ಕಳಿಸ್ತಿದ್ದರು, ಆಗ ಯಂತ್ರದ ಮುಂದೆ ನಾನು, ಚಾಪೆ ಮೇಲೆ ಬಟ್ಟೆ ಹೊದ್ದು ಕೂತ ಮದುಮಗಳು, ಡೋಲು, ಹೆಂಗಸರು ನಾಲಿಗೆ ಹೊರಳಿಸಿ ಹಾಕೋ ಉಲುಲು ಕೂಗು, ನನ್ನ ಬೆರಳು ಗುಂಡಿಯ ಮೇಲೆ, ಮುದುಕಿಯರು ಉಸಿರು ತಗೊಳ್ಳೋದು ನೋಡಿಯೇ ಗೊತ್ತಾಗುತ್ತೆ ಈಗ ಡೋಲು ಏಳುತ್ತೆ ಅಂತ, ಹೊರಗೆ ಗೋಡೆಗೆ ಒರಗಿ ಅವನು ಮೆಕ್ಕೆಜೋಳದ ಮುಂಕೋಯೊ ಕುಡೀತಾ ಕೇಳಿಸಿಕೊಳ್ತಿದ್ದ, ವಾಪಸು ಬರೋ ದಾರಿಯಲ್ಲಿ ಏನು ಹೇಳ್ತಾರೆ ಒಳಗೆ, ನನಗೂ ಹೇಳೇ, ಅಂತ ಪೀಡಿಸ್ತಿದ್ದ, ಹೇಳಲ್ಲ, ಮಾಡಿ ತೋರಿಸ್ತೀನಿ ನಡಿ, ಅಂತಿದ್ದೆ, ಪಿಕಪ್ಪು ರಸ್ತೆ ಬಿಟ್ಟು ಒಂದು ಕ್ಷಣ ಹುಲ್ಲಿಗೆ ಇಳೀತಿತ್ತು — ಹೇಳಬೇಕಾದ್ದು ಇಷ್ಟೇ, ಆ ಹೆಂಗಸು ನಾನು, ಮ್ಯಾನೇಜರ್ ಅಂತ ಇಲ್ಲಿ ಯಾರೂ ಇಲ್ಲ, ಚಿಕ್ಕ ಮಾತು, ಹೇಳಿದರೆ ಕೆಲಸ ನನ್ನದು, ಸ್ಪೀಕರ್ ಉಳಿಯುತ್ತೆ, ಅವನಿಗೋಸ್ಕರ ಉಳಿಯುತ್ತೆ, ಆದರೆ ಅದನ್ನು ಉಳಿಸೋಕೆ ಅವನು ಇಲ್ಲ ಅಂತ ನಾನು ಅನ್ನಬೇಕು, ಇಷ್ಟು ದಿನ ಯಾರಿಗೂ ಅಂದಿಲ್ಲ, ಇಗರ್ಜಿಯಲ್ಲಿ ಅಂದಿಲ್ಲ, ಕಿಟ್ವೆಯಲ್ಲಿರೋ ಲೊಂಬೆಗೂ ಅಪ್ಪ ಕೆಲಸದ ಮೇಲಿದ್ದಾರೆ ಅಂದಿದ್ದೇನೆ, ಮೀಟಿಂಗಿನಲ್ಲಿದ್ದಾರೆ ಅನ್ನೋವಷ್ಟು ದಿನ ಅವನು ಎಲ್ಲೋ ಒಂದು ಕುರ್ಚಿಯಲ್ಲಿ ಕೂತಿರ್ತಾನೆ, ಎದ್ದು ಬರೋದಷ್ಟೇ ಬಾಕಿ — ಬಾನಾ ಲೊಂಬೆ, ಗಾಡಿ ಸಂಜೆ ತರಲಾ ಈಗಲೇ ತರಲಾ, ಅಂತ ಗೋಡೆಯಾಚೆಯಿಂದ ಬಾ ಮ್ವಾಪೆ, ಎಂಥ ಹೊತ್ತು ನೋಡಿ ಕೂಗ್ತಾನೆ, ಯಾವ ಗಾಡಿ, ಅಂತ ಇವರು ಹುಬ್ಬೇರಿಸಿದರು, ಎದ್ದರು, ಕುರ್ಚಿ ಕಿರ್ ಅಂತು, ನಿಮಗೆ ಏನೋ ಕೆಲಸ ಇದೆ, ನಾನು ಬರ್ತೀನಿ ಮಗಳೇ.

ನಾನೇ ತಾಯಿ, ಅಂದೆ. ಏನು ನೀನೇ, ಅಂದರು. ಆ ಹೆಂಗಸು ನಾನೇ, ಫೋನಿನ ಹುಡುಗಿಯೂ ನಾನೇ, ಮ್ಯಾನೇಜರ್ — ಮ್ಯಾನೇಜರ್ ಇಲ್ಲ, ಹೋದರು, ಬಂದಿಲ್ಲ, ಅಂದೆ, ಅಷ್ಟೇ, ಆಕಾಶ ಬೀಳಲಿಲ್ಲ, ಕೋಳಿ ಮಣ್ಣು ಕೆದಕ್ತಾ ಇತ್ತು, ಬಾನಾ ಕಟೊಂಗೊ ನನ್ನ ಮುಖ ನೋಡಿದರು, ಬಟ್ಟೆ ಹೊದ್ದು ಕೂತ ಮದುಮಗಳನ್ನು ನೋಡೋ ಹಾಗೆ, ಸತ್ತಿದ್ದಾನಾ ಬಿಟ್ಟಿದ್ದಾನಾ ಅಂತ ಕೇಳಲಿಲ್ಲ, ಹತ್ತಿರ ಬಂದು ಸ್ಪೀಕರಿನ ಬಟ್ಟೆ ಎತ್ತಿದರು, ಎಡಗಡೆಯದು, ಬಲಗಡೆಯದು, ಇಟ್ಟಿಗೆ, ಮತ್ತೆ ಮುಚ್ಚಿ ಅಂಚು ಸರಿಮಾಡಿದರು, ಬಟ್ಟೆ ಚೆನ್ನಾಗಿದೆ, ಅವತ್ತೂ ಇದನ್ನೇ ಹೊದಿಸು, ಅಂದರು, ಮನೆಯವರಿಗೆ ಯಾರ ಹೆಸರು ಹೇಳಲಿ, ಲೊಂಬೆಯ ಅಮ್ಮ ಅನ್ನಲಾ, ನಿನಗೆ ಅಂತ ಒಂದು ಹೆಸರಿಲ್ವಾ, ಚಿಸಾಲಾ, ಅಂದೆ, ಹೇಳಿ ಎಷ್ಟು ಕಾಲವಾಗಿತ್ತು, ಬೇರೆ ಯಾರನ್ನೋ ಕರೆದ ಹಾಗಿತ್ತು, ಚಿಸಾಲಾ, ಅಂತ ಒಂದು ಸಲ ಅಂದು ನೋಡಿದರು, ಶನಿವಾರ ಬಾ, ಹೊಟ್ಟೆ ತುಂಬ ಉಂಡು ಬಾ, ಡೋಲಿನವರು ಸುಲಭಕ್ಕೆ ಬಿಡೋರಲ್ಲ, ಅನ್ನುತ್ತಾ ಗೇಟಿನ ತನಕ ಹೋದರು, ಗೋಡೆಯ ಮೇಲೆ ತಲೆ ಇಟ್ಟು ನೋಡ್ತಿದ್ದ ಬಾ ಮ್ವಾಪೆಗೆ, ಏನಪ್ಪಾ, ಗಾಡಿಯಲ್ಲಿ ಕಲ್ಲಂಗಡಿ ಹೊತ್ಕೊಂಡು ಹೋಗು, ಇಲ್ಲಿ ನಿನಗೇನೂ ಇಲ್ಲ, ಅಂದರು, ತಲೆ ಇಳಿಯಿತು, ನನಗೆ ನಗು ಬಂತು, ನಿಜವಾದ ನಗು, ಇದನ್ನು ಅವನಿಗೆ ಹೇಳಬೇಕು ಅನ್ನಿಸೋಷ್ಟು ನಗು, ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಎತ್ತಮ್ಮ, ಆಫೀಸಲ್ವಾ, ಅಂದರು ಬಾನಾ ಕಟೊಂಗೊ ಗೇಟು ಎಳೆದುಕೊಳ್ತಾ.

ಎತ್ತಿದೆ, ಕಪೆಂಬ್ವಾ ಸೌಂಡ್ಸ್, ನಮಸ್ಕಾರ, ಯಾರೋ ಗಂಡಸು, ಗೊತ್ತಿಲ್ಲದ ದನಿ, ಎಲ್ಲಿಯವರೋ, ಮದುವೆಗೆ ಹಾಡು ಹಾಕೋರು ಬೇಕು, ಮ್ಯಾನೇಜರ್ ಇದ್ದಾರಾ, ಇದ್ದಾರೆ, ನಾನೇ ಮಾತಾಡ್ತಿರೋದು, ಅನ್ನಬೇಕು ಈಗ, ಈಗಷ್ಟೇ ಕಲಿತ ಮಾತು, ಬಾಯಲ್ಲಿ ಇನ್ನೂ ಬಿಸಿ ಇದೆ — ಒಂದು ನಿಮಿಷ ಸರ್, ಅಂತ ಯಾರಂದಿದ್ದು, ಅಂಗೈ ಯಾವಾಗ ಮುಚ್ಚಿತು, ಕಾಲು ಕೋಳಿಗೂಡು ದಾಟಿದೆ, ಮಾವಿನ ಮರ ದಾಟಿದೆ, ತುಳುಕದ ಹಾಗೆ, ತುಳುಕದ ಹಾಗೆ, ನಲ್ಲಿ ಹತ್ತಿರ ಬೋರಲು ಬಿದ್ದ ಬಕೆಟ್ಟು, ಅದರ ತಳದ ಮೇಲೆ ಒಣಗಿದ ಒಂದು ಎಲೆ, ಮುಚ್ಚಿದ ಫೋನನ್ನು ಮುಂದೆ ಚಾಚಿ ನಿಂತಿದ್ದೇನೆ, ಅಂಗೈಯ ಕೆಳಗೆ ಹಲೋ, ಹಲೋ ಅಂತ ಯಾರೋ, ಅಂಗೈಯ ಮೇಲೆ ಆ ಒದ್ದೆ ಕೈ —