ತೊಳೆಯದ ನಾರಿನ ಪುಡಿ

ನರ್ಸರಿಯ ಮಾಲೀಕರು ಬೈಯಲಿಲ್ಲ. ವಿಮಲಮ್ಮನನ್ನು ಹಸಿರು ಪರದೆಯ ಒಳಕ್ಕೆ ಕರೆದೊಯ್ದು ಟೊಮೆಟೊ ಸಸಿಗಳ ಮುಂದೆ ನಿಲ್ಲಿಸಿದರು. ಒಂದು ಟ್ರೇ ಬಿಡದಂತೆ ಎಲೆಗಳ ಅಂಚು ಸುಟ್ಟು ಮುರುಟಿತ್ತು.

"ನಿಮ್ಮ ನಾರಿನ ಇಟ್ಟಿಗೇಲಿ ಉಪ್ಪಿದೆ ಅಂತ ಲ್ಯಾಬಿನೋರು ಹೇಳಿದ್ರು ಕಣಮ್ಮ. ನಲವತ್ತು ಸಾವಿರ ಸಸಿ. ನಾಳೆ ರೈತರು ಬತ್ತಾರೆ, ಏನು ಹೇಳ್ಲಿ?"

"ನಾವ್ಯಾಕೆ ಉಪ್ಪು ಹಾಕನ ಸ್ವಾಮಿ?"

"ಎಲ್ಲಿಂದ ಬಂತೋ ನನಗೊತ್ತಿಲ್ಲ. ಮಿಕ್ಕಿದ್ದ ಮಾಲು ವಾಪಸ್ ಕಳಿಸ್ತೀನಿ."

ದೊಡ್ಡಬಳ್ಳಾಪುರದಿಂದ ಅವಳ ಊರು ಸಂಪಿಗೆಗೆ ಮೂರು ಬಸ್ಸು. ದಾರಿಯುದ್ದಕ್ಕೂ ವಿಮಲಮ್ಮನಿಗೆ ಕಂಡದ್ದು ಆ ಎಲೆಗಳೇ. ಎರಡು ಸಾವಿರದ ಎರಡನೇ ಇಸವಿಯಲ್ಲಿ, ಸ್ವಂತ ಉದ್ಯೋಗ ಮಾಡುವವರಿಗೆಂದು ತಿಪಟೂರಿನಲ್ಲಿ ನಡೆದ ಹತ್ತು ದಿನದ ತರಬೇತಿಗೆ ಊರಿಂದ ಹೋದವಳು ಅವಳೊಬ್ಬಳೇ. ತೆಂಗಿನ ನಾರಿನ ಫ್ಯಾಕ್ಟರಿಗಳ ಹಿಂದೆ ಗುಡ್ಡೆ ಬಿದ್ದು ಕೊಳೆಯುವ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿದರೆ, ಮಣ್ಣಿನ ಬದಲು ಸಸಿ ಬೆಳೆಸಲು ನರ್ಸರಿಯವರು ಕೊಳ್ಳುತ್ತಾರೆಂದು ಅಲ್ಲಿ ಕೇಳಿದ್ದಳು. ಪಕ್ಕದ ಮನೆಯ ಚಿಕ್ಕಗೌರಮ್ಮ ಇಟ್ಟಿಗೆ ಒತ್ತುವ ಪ್ರೆಸ್ಸಿಗೆ ಜಾಗ ಮಾಡಲು ತನ್ನ ಎರಡೂ ಎಮ್ಮೆಗಳನ್ನು ಮಾರಿ ಕೊಟ್ಟಿಗೆ ತೆರವು ಮಾಡಿದ್ದಳು. ಆರು ಹೆಂಗಸರು ಎಂಟು ತಿಂಗಳು ದುಡಿದಿದ್ದರು. ಇದು ಅವರ ಮೊದಲ ದೊಡ್ಡ ಆರ್ಡರು.

ವಿಷಯ ಕೇಳಿದ ಚಿಕ್ಕಗೌರಮ್ಮ, "ನನ್ನೆಮ್ಮೆ ತಂದುಕೊಡ್ತೀಯೇನೆ?" ಎಂದಳು. ಕೊಟ್ಟಿಗೆಗೆ ಬೀಗ ಹಾಕಿ ಒಳಗೆ ಹೋದಳು.

ತರಬೇತಿ ಕೊಟ್ಟವರಿಗೆ ವಿಮಲಮ್ಮ ಬೂತಿನಿಂದ ಮೂರು ಸಲ ಫೋನು ಮಾಡಿದಳು. ವಿಚಾರಿಸಿ ಹೇಳುತ್ತೇವೆ ಎಂದವರು ಹೇಳಲಿಲ್ಲ. ಊಟ ಸೇರಲಿಲ್ಲ. ಬಾವಿಯ ಕಡೆ ಹೋದರೆ ಎಲ್ಲಿ ಹಾರಿಬಿಡುತ್ತೇನೋ ಎಂದು ಅವಳಿಗೆ ಭಯವಾಗತೊಡಗಿತು. ನೀರು ಸೇದಿಕೊಡೆಂದು ಗಂಡನಿಗೆ ಹೇಳಿದಳು, ಯಾಕೆಂದು ಹೇಳಲಿಲ್ಲ.

ಐದನೇ ದಿನ ನೊಣವಿನಕೆರೆಯ ಸಣ್ಣತಿಮ್ಮಯ್ಯನವರ ಹತ್ತಿರ ಹೋದಳು. ಈ ಇಟ್ಟಿಗೆ ಕೆಲಸಕ್ಕೆ ಆ ಸೀಮೆಯಲ್ಲಿ ಮೊದಲು ಕೈ ಹಾಕಿದವರು ಅವರೇ. ತರಬೇತಿಯಲ್ಲಿ ಅವಳ ಪಕ್ಕದಲ್ಲೇ ಕೂತು, ಯಾರು ಏನು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದ ಮನುಷ್ಯ. ಈಗಲೂ ಅರ್ಧ ದಿನ ಕಾಯಿಸಿದರು. ಅವಳು ಕದಲದ್ದು ನೋಡಿ ಶೆಡ್ಡಿನ ಹಿಂದಕ್ಕೆ ಕರೆದೊಯ್ದರು. ಅಲ್ಲಿ ಸಿಮೆಂಟಿನ ಮೂರು ತೊಟ್ಟಿಗಳಿದ್ದವು.

"ಉಪ್ಪು ನಾರಲ್ಲೇ ಇರ್ತದೆ ಕಣಮ್ಮ. ಬೋರ್ ನೀರಾಗೆ ಬೇರೆ ಐತೆ. ಕೆರೆ ನೀರಾಗೆ ಮೂರು ಸತಿ ನೆನೆಹಾಕಿ ಬಸಿಬೇಕು. ನಂದೂ ಒಂದು ಲಾರಿ ಲೋಡು ವಾಪಸ್ ಬಂದಿತ್ತು."

"ಯಾವಾಗ?"

"ತರಬೇತಿಗೆ ಮುಂಚೆ."

ವಿಮಲಮ್ಮ ಅವರತ್ತ ತಿರುಗಿದಳು. "ಪಕ್ದಾಗೇ ಕೂತಿದ್ರಲ್ಲ. ಒಂದು ಮಾತು ಹೇಳಿದ್ರೆ ನಮ್ಮ ಆರು ಜನ ಹೆಂಗಸರು ಇವತ್ತು ಮನೇಲಿ ಕೂರ್ತಿರಲಿಲ್ಲ."

"ನಂಗೆ ಯಾರು ಹೇಳಿದ್ರು? ನಾನ್ಯಾಕೆ ಹೇಳನ ಅಂತ ಸುಮ್ನಿದ್ದೆ." ಅವರು ತಲೆ ತಗ್ಗಿಸಿದರು. "ಲೋಡು ವಾಪಸ್ ಬಂದದ್ದು ಗೊತ್ತಾದ್ರೆ ಊರೋರು ಆಡ್ಕೊಂತಾರೆ ಅಂತಾನೂ ಇತ್ತು, ಬುಡು."

ಅವಳಿಗೆ ಅಳು ಬಂದದ್ದು ಆಗ. ಅಲ್ಲಿಯೇ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತಳು.

ಆಷಾಢದಲ್ಲಿ ಹೊಸ ತಂಡಕ್ಕೆ ತರಬೇತಿ ಶುರುವಾಯಿತು. ಗೆದ್ದ ಹೆಂಗಸೆಂದು ನಾಲ್ಕು ಮಾತಾಡಲು ವಿಮಲಮ್ಮನನ್ನು ಕರೆದರು. ಆಗಿದ್ದು ಅವರಿಗೆ ತಿಳಿದಿರಲಿಲ್ಲವೋ, ಮರೆತಿದ್ದರೋ. ಅವಳು ಮೈಕಿನ ಮುಂದೆ ನಿಂತು ಸುಟ್ಟ ಸಸಿಗಳ ವಿಷಯವನ್ನು, ಬೀಗ ಬಿದ್ದ ಕೊಟ್ಟಿಗೆಯನ್ನು, ಬಾವಿಯ ಭಯವನ್ನೂ ಹೇಳಿದಳು. ಸಭೆಯಲ್ಲಿ ಗಂಡ ಕೂತಿದ್ದ. ಬಾವಿಯ ವಿಷಯ ಅವನಿಗೂ ಗೊತ್ತಾದದ್ದು ಆಗಲೇ. ಕರೆಸಿದ ಅಧಿಕಾರಿ ಗಡಿಯಾರ ನೋಡಿಕೊಂಡರು.

ಆಮೇಲೆ ಸಭೆಯಲ್ಲಿದ್ದ ಕಂದಿಕೆರೆಯ ಭೂತಮ್ಮ ಎಂಬಾಕೆ ಎದ್ದು ನಿಂತು, ತಾನು ಡಬ್ಬಕ್ಕೆ ತುಂಬಿ ಕಳಿಸಿದ ಕೊಬ್ಬರಿ ಎಣ್ಣೆಯೆಲ್ಲ ಕಮಟು ಹಿಡಿದದ್ದನ್ನು ಹೇಳತೊಡಗಿದಳು. ಯಾರೋ ಕಾರಣ ಹೇಳಿದರು, ಇನ್ಯಾರೋ ಅಲ್ಲಗಳೆದರು. ಅಧಿಕಾರಿ ಹೋದ ಮೇಲೂ ಹತ್ತು ಹನ್ನೆರಡು ಜನ ಮಾತಾಡುತ್ತಲೇ ಕೂತಿದ್ದರು. ಸಭೆಗೆ ಬಂದಿದ್ದ ಸಣ್ಣತಿಮ್ಮಯ್ಯನವರು ತಮ್ಮ ತೊಟ್ಟಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ವಿಮಲಮ್ಮ ಆ ಚೀಟಿ ಹಿಡಿದು ಚಿಕ್ಕಗೌರಮ್ಮನ ಬಾಗಿಲು ತಟ್ಟಿದಳು. ಬಾಗಿಲು ತೆರೆಯಲಿಲ್ಲ. ಮಾರನೆಯ ದಿನವೂ ತಟ್ಟಿದಳು.