ಮೂರನೆಯ ಹಿಡಿ

ಅಪ್ಪನ ತಲೆಯ ಕೆಳಗಿನ ದಿಂಬು ಎಳೆದಾಗ ಪುಸ್ತಕವೊಂದು ಜಾರಿ ಅಸ್ಲಂನ ಪಾದದ ಮೇಲೆ ಬಿತ್ತು. ಮಯ್ಯತ್ತಿಗೆ ಕಡೆಯ ಸ್ನಾನ ಮಾಡಿಸಲು ಲುಂಗಿ ಎತ್ತಿ ಕಟ್ಟಿ ನಿಂತಿದ್ದ ಮಕ್ಬೂಲ್ ಭಾಯ್ ತಿರುಗಿ ನೋಡಿದರು. ಕಪ್ಪು ರಟ್ಟು, ಅಂಚಿಗೆಲ್ಲ ಗ್ರೀಸಿನ ಕಲೆ.

"ಇಂಜೀಲಾ?"

"ಹೌದು."

"ತೆಗ್ದು ಒಳಗಿಡು ಮಾರಾಯ. ಮೌಲಾನಾ ಬರೂ ಹೊತ್ತಾಯ್ತು. ಖಾಜಾ ಹೋಗೂವಾಗ ತಲೆ ಕೆಳಗೆ ಎಂತ ಇಟ್ಕಂಡಿದ್ದ ಅಂತ ಊರು ಮಾತಾಡೂದು ಬೇಡ."

ಊರಿಗೆ ಇದೇನು ಹೊಸ ಸುದ್ದಿಯಲ್ಲ. ಲಾರಿ ಡ್ರೈವರ್ ಖಾಜಾ ಹುಸೇನ್ ಕ್ರಿಶ್ಚಿಯನ್ನರ ಪುಸ್ತಕ ಓದಿಕೊಂಡು ಕ್ರಿಶ್ಚಿಯನ್ನರ ಜೊತೆಯೇ ವಾದಕ್ಕೆ ನಿಲ್ಲುತ್ತಾನೆ ಎಂಬುದು ಶಿರಸಿಯ ಟೈರ್ ಅಂಗಡಿಗಳಿಗೆಲ್ಲ ಗೊತ್ತಿತ್ತು. ಅದನ್ನು ಎದೆ ಉಬ್ಬಿಸಿ ಹೇಳಿಕೊಂಡು ತಿರುಗಿದವರಲ್ಲಿ ಮೊದಲಿಗರು ಇದೇ ಮಕ್ಬೂಲ್ ಭಾಯ್. ಈಗ ಅವರಿಗೆ ನಾಚಿಕೆ ಬಂದಿತ್ತು.

ಆಯಿಷಾ ಹೊಸ್ತಿಲಲ್ಲಿ ನಿಂತು ಹೇಳಿದಳು: "ಒಳಗಿಡೂದು ಆಮೇಲೆ. ಮೊದಲನೇ ಹಾಳೆ ತೆಗಿ ಬೇಟಾ. ಸಾಂತಾನ್ ಭಾಯ್ ನಂಬರ್ ಉಂಟು. ಫೋನ್ ಮಾಡು."

"ಅಮ್ಮಿ, ಅವರು ಏಳು ವರ್ಷದಿಂದ ನಮ್ಮನೆ ಕಡೆ ತಲೆ ಹಾಕಿದ್ದಿಲ್ಲ."

"ನಿನ್ನ ಅಬ್ಬಾಗೆ ಬಾಯಿ ಇದ್ದಾಗ ಹೇಳಿದ ಕಡೇ ಮಾತದು. ಸಾಂತಾನನ ಹತ್ರ ಮಾಫಿ ಕೇಳದೆ ನನ್ನ ಎತ್ತಬೇಡಿ ಅಂದ್ರು. ಮರುದಿನ ಲಕ್ವ ಹೊಡೀತು."

"ಗೆದ್ದವರು ಮಾಫಿ ಕೇಳೂದು ಎಂತಕ್ಕೆ ಭಾಬಿ?" ಎಂದರು ಮಕ್ಬೂಲ್ ಭಾಯ್.

ಗಂಡನ ಹೆಣ ಎದುರಿಗಿತ್ತು. ಇಲ್ಲದಿದ್ದರೆ ಆ ಮನುಷ್ಯನಿಗೆಂದೇ ಏಳು ವರ್ಷದಿಂದ ಕಾದಿಟ್ಟ ಮಾತೊಂದು ಆಯಿಷಾಳ ಹತ್ತಿರ ಇತ್ತು. ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಮೊದಲ ಸಲ ಫೋನು ಕಟ್ಟಾಯಿತು. ಎರಡನೆಯ ಸಲ ಎತ್ತಿದರು. "ಚಾಚಾ, ಅಬ್ಬಾ ತೀರ್ಕಂಡ್ರು," ಎಂದ ಅಸ್ಲಂ. ಆ ಕಡೆಯಿಂದ ಎಲ್ಲೋ ಮರ ಕೊಯ್ಯುವ ಮಷಿನ್ನಿನ ಸದ್ದಷ್ಟೇ ಕೇಳಿತು.

"ಮಣ್ಣು ಎಷ್ಟ್ ಹೊತ್ತಿಗೆ?"

"ಅಸರ್ ನಮಾಜ್ ಆದ್ಮೇಲೆ. ಐದು ಗಂಟೆ."

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

* * *

ಖಾಜಾನ ಲಾರಿಯಲ್ಲಿ ಸಾಂತಾನ ಹದಿನೆಂಟು ವರ್ಷ ಇದ್ದ. ಮೊದಲು ಕ್ಲೀನರ್, ಆಮೇಲೆ ಎರಡನೇ ಡ್ರೈವರ್. ಯಲ್ಲಾಪುರದ ಸಿದ್ದಿ, ಭಾನುವಾರ ಇಗರ್ಜಿ ತಪ್ಪಿಸದವ. ಗಾಜಿನ ಎದುರು ಒಂದು ಬದಿ ೭೮೬ರ ಸ್ಟಿಕ್ಕರ್, ಇನ್ನೊಂದು ಬದಿ ಕಟ್ಟಿಗೆಯ ಶಿಲುಬೆ. ಯಲ್ಲಾಪುರ ದಾಟಿದರೆ ವಾದ ಶುರುವಾಗುತ್ತಿತ್ತು, ಹುಬ್ಬಳ್ಳಿಯಲ್ಲಿ ಮಾಲು ಇಳಿಸುವಾಗಲೂ ಮುಗಿಯುತ್ತಿರಲಿಲ್ಲ. ಸಾಂತಾನನನ್ನು ಅವನ ಪುಸ್ತಕದಲ್ಲೇ ಹಿಡಿಯಬೇಕೆಂದು ಖಾಜಾ ಕನ್ನಡದ ಇಂಜೀಲು ಕೊಂಡು, ಸೀಟಿನ ಕೆಳಗಿಟ್ಟುಕೊಂಡು, ಪೆನ್ಸಿಲ್ ಹಿಡಿದು ಓದಿದ.

"ಅಲ್ಲಾಹ ಈಸಾನಿಗೆ ಕೊಟ್ಟದ್ದು ಒಂದು ಇಂಜೀಲು. ನೀವು ನಾಲ್ಕು ಮಾಡ್ಕಂಡು ಕೂತಿರಿ. ಒಂದು ಲಾರಿಗೆ ನಾಲ್ಕು ಆರ್‌ಸಿ ಬುಕ್ ತೋರ್ಸಿದ್ರೆ ಆರ್‌ಟಿಓದವ ಬಿಡ್ತಾನನಾ?"

"ಒಂದು ಆಕ್ಸಿಡೆಂಟಿಗೆ ನಾಲ್ಕು ಸಾಕ್ಷಿ ಇದ್ರೆ ಕೇಸು ಗಟ್ಟಿ ಮಾರಾಯ."

"ಆಕ್ಸಿಡೆಂಟೇ ಆಗ್ಲಿಲ್ಲ. ಅವರನ್ನ ಶಿಲುಬೆಗೆ ಏರಿಸ್ಲೇ ಇಲ್ಲ. ತನ್ನ ಪೈಗಂಬರನ್ನ ಅಲ್ಲಾಹ ಹಾಂಗೆ ಕೈ ಬಿಡ್ತಾನನಾ?"

"ಬಿಟ್ಟ ಅಂತಲೇ ನಮ್ಮವ ಶಿಲುಬೆ ಮೇಲಿಂದ 'ಯಾಕೆ ನನ್ನ ಕೈ ಬಿಟ್ಟೆ' ಅಂತ ಮೇಲೆ ನೋಡಿ ಕೂಗಿದ್ದು."

ಕರಾವಳಿಯ ಕಡೆ ಹೋಗುವಾಗ ಅರಬೈಲ್ ಘಟ್ಟ ಬಂದರೆ ಇಬ್ಬರೂ ಸುಮ್ಮನೆ. ಒಬ್ಬ ಬಿಸ್ಮಿಲ್ಲಾ ಅನ್ನುತ್ತಿದ್ದ, ಇನ್ನೊಬ್ಬ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದ. ಘಟ್ಟ ಇಳಿದ ಮೇಲೆ ಬಿಟ್ಟಲ್ಲಿಂದ ಮತ್ತೆ ಹಿಡಿಯುತ್ತಿದ್ದರು.

ಸಾಂತಾನನ ಮಗಳು ರೀಟಾ ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಸತ್ತಳು. ಇಗರ್ಜಿಯ ಹಿಂದಿನ ಜಾಗದಲ್ಲಿ ಮಣ್ಣು ಮಾಡುವಾಗ ಎಲ್ಲರೂ ಒಂದೊಂದು ಹಿಡಿ ಹಾಕಿದರು. ಖಾಜಾ ಮೂರು ಹಾಕಿದ. ಜನ ನೋಡಿದ್ದು ಕಂಡು, "ನಮ್ಮಲ್ಲಿ ಮೂರು. ಕಮ್ಮಿ ಹಾಕಿದ್ರೆ ಮನಸ್ಸಲ್ಲಿ ಎಂತದೋ ಉಳ್ಸಿಕಂಡ ಹಾಂಗೆ," ಎಂದ. ಮತ್ತೆ ಇಬ್ಬರೂ ಲಾರಿಯೊಳಗೆ ಹೋಗಿ ಕೂತರು. ಬಾಗಿಲು ಹಾಕಿಕೊಂಡ ಮೇಲೆ ಸಾಂತಾನ ಹೇಳಿದ: "ಖಾಜಾ, ಮೇಲೆ ಕೇಳೂರು ಯಾರೂ ಇಲ್ಲ ಕಾಣ್ತದೆ."

ಆ ಮಾತಿಗೆ ಖಾಜಾನ ಹತ್ತಿರ ಹತ್ತು ಉತ್ತರ ಇದ್ದವು. ಒಂದನ್ನೂ ಹೇಳಲಿಲ್ಲ. ಸಾಂತಾನನ ಮಂಡಿ ಹಿಡಿದುಕೊಂಡು ಸಂಜೆಯವರೆಗೆ ಕೂತಿದ್ದ.

* * *

ಏಳು ವರ್ಷದ ಹಿಂದೆ ಮಕ್ಬೂಲ್ ಭಾಯ್ ಶಿರಸಿಯ ಒಂದು ಹಾಲ್ ಹಿಡಿದು ಚರ್ಚೆ ಏರ್ಪಡಿಸಿದರು. ಪಾದ್ರಿಯನ್ನು ಕರೆದಿದ್ದರು, ಪಾದ್ರಿ ಬರಲಿಲ್ಲ. ಖಾಜಾ ಕರೆದನೆಂದು ಸಾಂತಾನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಲಾರಿಯೊಳಗಿನ ಮಾತನ್ನೇ ನಾಲ್ಕು ಜನರ ಎದುರು ಆಡುವುದು ಎಂದುಕೊಂಡಿದ್ದ, ಪಾಪ.

"ನಿಮ್ಮ ದೇವ್ರಿಗೆ ನೋವು ಅಂಬುದೇ ಇಲ್ಲ ಅಂತೀರಿ," ಎಂದು ಸಾಂತಾನ ಮೈಕಿನಲ್ಲಿ ಮೆಲ್ಲಗೆ ಹೇಳಿದ. "ನಮ್ಮವ ಮೊಳೆ ಹೊಡೆಸ್ಕಂಡವ. ಮಗಳು ಸತ್ತವನ ನೋವು ಅವಂಗೆ ಬಿಡಿಸಿ ಹೇಳೂದು ಬೇಡ."

ಮುಂದಿನ ಸಾಲಿನ ಮುದುಕರೊಬ್ಬರು ತಲೆ ಆಡಿಸಿದ್ದನ್ನು ಖಾಜಾ ಕಂಡ. ಅವನಿಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಸೃಷ್ಟಿ ಮಾಡಿದವನಿಗೆ ತಾನು ಮಾಡಿದ್ದರ ನೋವು ತಿಳಿಯಲು ತಾನೇ ನೋಯಬೇಕಿಲ್ಲ ಎಂದು ಲಾರಿಯಲ್ಲಿ ನೂರು ಸಲ ಹೇಳಿದ್ದ. ಆದರೆ ಸೋಲುತ್ತಿದ್ದೇನೆ ಎಂಬ ಹೆದರಿಕೆ ಹೊಕ್ಕಿತ್ತು.

"ಇವನ ಮಗಳನ್ನ ಮಣ್ಣು ಮಾಡಿದ ದಿನ ಇವನೇ ನನ್ನ ಹತ್ರ ಹೇಳಿದ, ಮೇಲೆ ಕೇಳೂರು ಯಾರೂ ಇಲ್ಲ ಅಂತ," ಎಂದ ಖಾಜಾ. "ಇವನೇ ನಂಬದ್ದನ್ನ ನಾವು ಎಂತಕ್ಕೆ ನಂಬೂದು?"

ಹಾಲ್ ಹೋ ಎಂದು ನಕ್ಕಿತು. ಚಪ್ಪಾಳೆ ಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ, ಈ ಮಾತು ಹೋಗಲೂ ಇಲ್ಲ. ಅಸ್ಲಂ ಫೋನಿನಲ್ಲಿ ಹಿಡಿದಿದ್ದ. ಸಾಂತಾನ ಮೈಕು ಮೇಜಿನ ಮೇಲಿಟ್ಟು ಇಳಿದು ಹೋದದ್ದೂ ಅದರಲ್ಲಿತ್ತು. ಅಬ್ಬಾ ಗೆದ್ದರೆಂದು ಅವನು ಕಳಿಸಿದ ವಿಡಿಯೋ ಮರುದಿನ ಬೆಳಗಾಗುವುದರೊಳಗೆ ಯಲ್ಲಾಪುರ ಮುಟ್ಟಿತ್ತು.

ಆಮೇಲೆ ಖಾಜಾ ಮೂರು ಸಲ ಯಲ್ಲಾಪುರಕ್ಕೆ ಹೋಗಿ ಸಾಂತಾನನ ಬೇಲಿಯ ಹೊರಗೆ ನಿಂತು ಬಂದ. ಬಾಗಿಲು ತೆರೆಯಲಿಲ್ಲ.

* * *

ನಾಲ್ಕೂವರೆಗೆ ಸಾಂತಾನ ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು. ಅಂಗಳದಲ್ಲಿ ಖಾಜಾನಿಗೆ ಕಫನ್ ಬಟ್ಟೆ ಸುತ್ತಿ, ಕರ್ಪೂರ ಹಾಕಿ ಮಲಗಿಸಿದ್ದರು. ಮೌಲಾನಾ ಅವನಿಗೆ ದಾರಿ ಬಿಡಿಸಿದರು. ಮುಖದ ಬಟ್ಟೆ ಸರಿಸಿದಾಗ ಅವನು ನೋಡಿದ, ಬಹಳ ಹೊತ್ತು.

"ಎತ್ತೂ ಮೊದ್ಲು ಮಗ ಎಲ್ಲರ ಹತ್ರ ಮಾಫಿ ಕೇಳೂದು ನಮ್ಮ ರಿವಾಜು," ಎಂದರು ಮೌಲಾನಾ. "ನಮಾಜು ರೋಜಾ ತಪ್ಪಿದ್ದು ಅಲ್ಲಾಹ ಮಾಫ್ ಮಾಡಬಹುದು. ಮನುಷ್ಯನ ಮನಸ್ಸು ಮುರಿದದ್ದು ಆ ಮನುಷ್ಯನೇ ಬಿಡಬೇಕು. ಅಂವ ಯಾವ ಮಜಹಬಿನವ, ಯಾವ ಧರ್ಮದವನಾದ್ರೂ ಅಷ್ಟೇ. ನೀವು ಬಿಡದಿದ್ರೆ ಇವರು ಆ ಹೊರೆ ಹೊತ್ಕಂಡೇ ಹೋಗ್ತಾರೆ."

ಅಸ್ಲಂ ಕೈ ಮುಗಿದ. "ಚಾಚಾ, ವಿಡಿಯೋ ಮಾಡ್ದವ ನಾನು. ಅದು ಅಬ್ಬಾನ ಮೇಲೆ ಹಾಕಬೇಡಿ."

"ಗೊತ್ತು. ನೀ ನಕ್ಕಿದ್ದು ಕೇಳ್ತದೆ ಅದ್ರಲ್ಲಿ."

ಅಸ್ಲಂ ತಲೆ ತಗ್ಗಿಸಿದ. ಆಯಿಷಾ ಬಾಗಿಲಿನ ಪರದೆ ಸರಿಸಿದಳು. "ಒಂದ್ ಮಾತು ಹೇಳಿ ಸಾಂತಾನ್ ಭಾಯ್. ನಾ ನಿಮ್ಮ ಕಾಲಿಗೆ ಬೀಳ್ತೆ."

"ಬೇಡ ಭಾಬಿ." ಸಾಂತಾನ ಅವಳ ಕಡೆ ತಿರುಗಿದ. "ನನ್ನ ಹೆಂಡ್ತಿ ಫಿಲೋಮಿನಾ ಆ ವಿಡಿಯೋ ಕಂಡ್ಳು. ಮಗಳ ಮಣ್ಣಿನ ದಿನ ನಾ ಹಾಂಗೆ ಅಂದದ್ದು ಅವಳಿಗೆ ಗೊತ್ತಿರಲಿಲ್ಲ. ಮೇಲೆ ಯಾರೂ ಇಲ್ಲ ಅಂದ್ರೆ ನನ್ನ ರೀಟಾ ಎಲ್ಲಿದ್ದಾಳೆ ಹೇಳಿ ಅಂತ ಕೇಳಿದ್ಳು. ಆರು ವರ್ಷ ಅದೊಂದೇ ಕೇಳಿದ್ಳು. ಹೋದ ವರ್ಷ ಅದನ್ನೇ ಕೇಳ್ತಾ ಸತ್ತಳು. ನಮ್ಮ ಪುಸ್ತಕ ಲೆಕ್ಕ ಇಡದೆ ಮಾಫ್ ಮಾಡು ಅಂತದೆ. ನಂಗೆ ಒಂದ್ ಸಲಾನೂ ಬರ್ಲಿಲ್ಲ. ಹೆಣದ ಮುಂದೆ ಸುಳ್ಳು ಹೇಳೂದು ಹ್ಯಾಂಗೆ?"

ಮಕ್ಬೂಲ್ ಭಾಯ್ ಗೋಡೆಯ ಕಡೆ ನೋಡುತ್ತ ನಿಂತಿದ್ದರು. ಅಸ್ಲಂ ಒಳಗೆ ಹೋಗಿ ಇಂಜೀಲು ತಂದು ಕೊಟ್ಟ. ಕೊಡುವುದಕ್ಕೆ ಅವನ ಹತ್ತಿರ ಬೇರೇನೂ ಇರಲಿಲ್ಲ.

ಸಾಂತಾನ ಹಾಳೆ ಮಗುಚಿದ. ಪುಟಪುಟಕ್ಕೂ ಪೆನ್ಸಿಲ್ ಗೀಟು, ಪ್ರಶ್ನೆಗಳು, 'ಇದು ನೋಡು ಸಾಂತಾನ', 'ಇದಕ್ಕೆ ಎಂತ ಹೇಳ್ತೆ'. ಶಿಲುಬೆಯ ಮೇಲಿನ ಕೂಗಿನ ಹತ್ತಿರ ಪ್ರಶ್ನೆ ಇರಲಿಲ್ಲ. ಲಕ್ವ ಬಡಿದು ಬಲಗೈ ಹೋದ ಮೇಲೆ ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ ಎರಡೇ ಇದ್ದವು. ರೀಟಾ.

ಅವನು ಪುಸ್ತಕ ಮುಚ್ಚಿ ಅಸ್ಲಂನ ಕೈಗಿಟ್ಟ. "ನಿನ್ನ ಹತ್ರ ಇರ್ಲಿ. ಓದು. ಗೆಲ್ಲೂಕೆ ಅಲ್ಲ."

ಐದು ಗಂಟೆಗೆ ಎತ್ತಲೇಬೇಕಾಯಿತು. ಕೇಳಿದ್ದಾಯಿತು, ಸಿಗಲಿಲ್ಲ, ಮಯ್ಯತ್ತನ್ನು ಇಟ್ಟುಕೊಂಡು ಕೂರುವಂತಿಲ್ಲ. ಜನಾಜಾ ಹೊರಟಾಗ ಸಾಂತಾನ ಹಿಂದೆ ನಡೆದ. ನಮಾಜಿನ ಹೊತ್ತಿಗೆ ಸಾಲುಗಳ ಹಿಂದೆ ಚಪ್ಪಲಿ ಬಿಟ್ಟು ನಿಂತಿದ್ದ. ಕಬ್ರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದ ಮೇಲೆ ಅವನು ಮುಂದೆ ಬಂದ. ಮಕ್ಬೂಲ್ ಭಾಯ್ ಏನೋ ಹೇಳಲು ಹೊರಟದ್ದಕ್ಕೆ ಮೌಲಾನಾ ಅವರ ಮೊಣಕೈ ಹಿಡಿದರು.

ಸಾಂತಾನ ಬಗ್ಗಿ ಒಂದು ಹಿಡಿ ಹಾಕಿದ. ಇನ್ನೊಂದು ಹಾಕಿದ. ಮೂರನೆಯದನ್ನು ಎತ್ತಿಕೊಂಡು ಕಬರಿನ ಮೇಲೆ ಕೈ ಚಾಚಿ ನಿಂತ. ಅಸ್ಲಂ ಆ ಕೈಯನ್ನೇ ನೋಡಿದ. ಸಾಂತಾನ ಕೈ ಹಿಂದೆ ತೆಗೆದುಕೊಂಡ.

ಬಸ್‌ಸ್ಟ್ಯಾಂಡಿನವರೆಗೆ ಅಸ್ಲಂ ಬೈಕಿನಲ್ಲಿ ಬಿಟ್ಟ. ಹಿಂದೆ ಕೂತವನು ಎಡಗೈಯಿಂದ ಮಾತ್ರ ಹಿಡಿದುಕೊಂಡಿದ್ದ. ಯಲ್ಲಾಪುರದ ಬಸ್ಸು ಹೊರಡಲು ನಿಂತಿತ್ತು.

"ಅಮ್ಮಿ ಬಾಗಿಲಲ್ಲೇ ಕೂತಿರ್ತಾಳೆ," ಎಂದ ಅಸ್ಲಂ. "ಹೋದ್ಕೂಡ್ಲೆ ಕೇಳ್ತಾಳೆ. ಎಂತ ಹೇಳಲಿ ಚಾಚಾ?"

ಸಾಂತಾನ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತ. ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಸಾಂತಾನ ಎಡಗೈಯನ್ನು ಬಲಗಡೆಯ ಜೇಬಿಗೆ ಹಾಕಲು ಒದ್ದಾಡಿದ. "ಆ ಕೈಯಲ್ಲಿ ಎಂತ ಅಜ್ಜ? ಬಿಟ್ಟು ತೆಗೀರಿ," ಎಂದ ಕಂಡಕ್ಟರ್. ಸಾಂತಾನ ಬಿಡಲಿಲ್ಲ. ಬಸ್ಸು ಹೊರಟಾಗ ಮುಷ್ಟಿ ತೊಡೆಯ ಮೇಲಿತ್ತು, ಬೆರಳ ಸಂದಿನಿಂದ ಕೆಂಪು ಮಣ್ಣು ಸ್ವಲ್ಪ ಸ್ವಲ್ಪವೇ ಅವನ ಬಿಳಿ ಪಂಚೆಯ ಮೇಲೆ ಉದುರುತ್ತಿತ್ತು.