ಊದಪ್ಪ ಹಿಂದೆ ಕೂತ ದಿನ

"ಬಾಯಿ ಬಿಡಿ," ಎಂದಳು ಮಗಳು, ಶವವಾಹನದ ಬಾಗಿಲು ಹಿಡಿದು.

ಚಾಲಕ ಬಾಯಿ ಬಿಡಲಿಲ್ಲ. ಬಿಡದಿದ್ದರೇನು, ವಾಸನೆ ಆಗಲೇ ಬೀದಿಗೆಲ್ಲ ಸುದ್ದಿ ಮುಟ್ಟಿಸಿತ್ತು. ಹಿಂದೆ ಅಪ್ಪನನ್ನು ಮಲಗಿಸಿ ಆಗಿತ್ತು.

"ಹೋಗ್ಲಿ ಬಿಡೇ," ಎಂದರು ಸೋದರತ್ತೆ. "ಇಷ್ಟು ದೂರ ತಾನೇ? ಇವತ್ತೊಂದಿನ ಸುಮ್ನಿರು."

"ಯಾರ ಮನೆ ಮುಂದೆ ನಿಂತು ಹೇಳ್ತಿದೀರಾ ಅತ್ತೆ?"

ಇಪ್ಪತ್ತು ವರ್ಷ ಚೌಕದಲ್ಲಿ ನಿಂತು, ಉಸಿರು ಅಳೆಯುವ ಯಂತ್ರ ಹಿಡಿದು "ಊದಪ್ಪಾ, ಊದು" ಎಂದು ಹೇಳಿ ಹೇಳಿಯೇ ಊದಪ್ಪನೆಂದು ಹೆಸರಾದ ಟ್ರಾಫಿಕ್ ಪೇದೆಯ ಮನೆ ಅದು. ಅಂಥವನ ಕೊನೆಯ ಪಯಣಕ್ಕೆ ಕುಡುಕನ ಸ್ಟಿಯರಿಂಗು! ಮಗಳಿಗೆ ಅಳು ಹೋಗಿ ಸಿಟ್ಟು ಬಂತು.

"ಒಂದೇ ಪೆಗ್ ಅಕ್ಕಾ," ಎಂದ ಚಾಲಕ. "ಊದಲ್ಲ ಅಂದ್ರೆ ಏನ್ಮಾಡ್ತೀರಾ?"

"ಆಸ್ಪತ್ರೆಗೆ ಕರ್ಕೊಂಡ್ಹೋಗಿ ರಕ್ತ ತೆಗೀತಾರೆ. ಊದಿದ್ರೆ ಕೇಸು. ಕೋರ್ಟಲ್ಲಿ ದಂಡ, ಜೈಲೂ ಆಗಬಹುದು. ಲೈಸೆನ್ಸು ಅಮಾನತು. ಯಾರಿಗಾದ್ರೂ ಗುದ್ದಿದ್ರೆ ವಿಮೆಯವರೂ ಕೈ ಎತ್ತಬಹುದು."

ಅಪ್ಪ ಊಟಕ್ಕೆ ಕೂತಾಗಲೂ ಹೇಳುತ್ತಿದ್ದ ಪಾಠ, ಮಗ್ಗಿಯ ಹಾಗೆ ಬಾಯಿಗೆ ಬಂತು.

ಅಂತಿಮ ದರ್ಶನಕ್ಕೆ ಬಂದಿದ್ದ ಪೇದೆಯೊಬ್ಬ ಜೀಪಿನಿಂದ ಯಂತ್ರ ತಂದ. ಚಾಲಕ ಊದಿದ. ತೊಂಬತ್ತೆರಡು; ಮೂವತ್ತು ದಾಟುವಂತಿಲ್ಲ.

"ಒಂದೇ ಪೆಗ್ಗಂತೆ. ಬಕೆಟ್ಟಲ್ಲಿ ಅಳೆದಿರಬೇಕು," ಎನ್ನುತ್ತ ಪೇದೆ ಕೀಲಿಕೈ ಕಿತ್ತುಕೊಂಡ.

"ಈಗ ಓಡಿಸೋರು ಯಾರು?" ಎಂದರು ಅತ್ತೆ.

ಎಲ್ಲರ ಕಣ್ಣೂ ಗೇಟಿನತ್ತ ತಿರುಗಿತು. ಬೆಳಿಗ್ಗೆಯಿಂದ ಒಳಗೆ ಕಾಲಿಡದೆ ಅಲ್ಲೇ ನಿಂತಿದ್ದ, ಚಿಕ್ಕಪ್ಪ.

*

ಹನ್ನೊಂದು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಊದಪ್ಪ ತಡೆದ ಲಾರಿ ಓಡಿಸುತ್ತಿದ್ದವನು ಸ್ವಂತ ತಮ್ಮ.

"ಅಣ್ಣಾ, ನಾನು ಕಣೋ!"

"ಗೊತ್ತು. ಊದು."

ಕೇಸು ಬರೆದವನೇ ಕೋರ್ಟಿನ ದಿನ ರಜೆ ಹಾಕಿ ತಮ್ಮನ ಪಕ್ಕ ನಿಂತ. ದಂಡ ಬಿತ್ತು, ಲೈಸೆನ್ಸು ಆರು ತಿಂಗಳು ಅಮಾನತಾಯಿತು. ತಮ್ಮ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಆರು ತಿಂಗಳೂ ಅಣ್ಣನೇ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಬಿಟ್ಟು ಬಂದ. ತಮ್ಮನದು ತುಟಿಪಿಟಕ್ಕಿಲ್ಲ.

"ಮುಖ ಊದಿಸ್ಕೊ, ಪರವಾಗಿಲ್ಲ. ಅದಕ್ಕೆ ಕೇಸಿಲ್ಲ," ಎನ್ನುತ್ತಿದ್ದ ಅಣ್ಣ.

ಲೈಸೆನ್ಸು ಮರಳಿದ ದಿನ ತಮ್ಮ ಬಾಯಿಬಿಟ್ಟ: "ಇನ್ನು ನಿನ್ನ ಹಿಂದೆ ಕೂರಲ್ಲ. ನೀನೇ ನನ್ನ ಹಿಂದೆ ಕೂರೋ ದಿನ ಬರತ್ತೆ, ನೋಡ್ತಿರು."

"ಬರ್ಲಿ. ಕಾಯ್ತೀನಿ."

ಆಮೇಲೆ ತಮ್ಮ ಈ ಮನೆಯತ್ತ ತಲೆ ಹಾಕಿರಲಿಲ್ಲ.

*

ಚಿಕ್ಕಪ್ಪ ಬಂದು, ಯಾರೂ ಕೇಳುವ ಮೊದಲೇ ಯಂತ್ರಕ್ಕೆ ಕೈ ಚಾಚಿದ.

"ಹೊಸ ನಳಿಗೆ ಹಾಕಪ್ಪಾ. ಅಣ್ಣ ಹಳೇದರಲ್ಲಿ ಯಾರಿಗೂ ಊದಿಸ್ತಿರಲಿಲ್ಲ."

ಚಿಕ್ಕಪ್ಪ ಕೆನ್ನೆ ಉಬ್ಬಿಸಿ ಊದಿದ.

ಸೊನ್ನೆ.

"ಸರಿಯಾಗಿ ನೋಡ್ರಪ್ಪಾ," ಎಂದರು ಅತ್ತೆ.

"ಹನ್ನೊಂದು ವರ್ಷದಿಂದ ಅಷ್ಟೇ ಇದೆ ಅಕ್ಕಾ."

ಯಾರೋ ಚಪ್ಪಾಳೆ ತಟ್ಟಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಬೀದಿಗೆ ಬೀದಿಯೇ ತಟ್ಟಿತು. ಮಗಳು ಅಳುತ್ತಲೇ ನಕ್ಕಳು. ಅಪ್ಪ ಗೆದ್ದಿದ್ದ. ಚಿಕ್ಕಪ್ಪನೂ ಗೆದ್ದಿದ್ದ.

ಚಿಕ್ಕಪ್ಪ ಹಿಂಬಾಗಿಲಿಗೆ ಹೋಗಿ ಯಂತ್ರವನ್ನು, ಸೊನ್ನೆ ಕಾಣುವಂತೆ, ಅಣ್ಣನ ಮುಖದೆದುರು ಹಿಡಿದ. ನಂತರ ಚಾಲಕನ ಸೀಟಿಗೆ ಬಂದು ಬೆಲ್ಟು ಬಿಗಿದು, ಹಿಂದಕ್ಕೆ ತಿರುಗಿದ.

"ಹಿಂದೆ ಕೂತಿದೀಯಲ್ಲ ಅಣ್ಣಾ? ಹೊರಡ್ತೀನಿ."

ಚೌಕದಲ್ಲಿ ಪೇದೆಗಳು ನಾಲ್ಕೂ ಕಡೆಯ ಗಾಡಿಗಳನ್ನು ತಡೆದು ಸೆಲ್ಯೂಟ್ ಹೊಡೆದರು. ಸಿಗ್ನಲ್ಲು ಮಾತ್ರ ಕೆಂಪಿತ್ತು. ಹೋಗಿ, ಹೋಗಿ ಎಂದು ಕೈ ಬೀಸಿದರು. ವಾಹನ ಬಿಳಿ ಗೆರೆಯ ಹಿಂದೆಯೇ ನಿಂತಿತು. ಹಸಿರು ಬಂದ ಮೇಲೆಯೇ ಊದಪ್ಪ ತನ್ನ ಚೌಕ ದಾಟಿದ.